ಸಹಾಯ ಬೇಕು: ಗ್ರಾಫ್‌ಗಳ ಹೋಮೋಟೊಪಿಯಲ್ಲಿ ಫೈಬ್ರೇಶನ್ ಕುರಿತು

ಬಳಗದ ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಗಣಿತದ ಸಂಶೋಧನಾ ವಿದ್ಯಾರ್ಥಿನಿಯಾಗಿರುವ ನಾನು ಅಮೂರ್ತ ಹೋಮೋಟೊಪಿ ಸಿದ್ಧಾಂತವನ್ನು (ಒಂದು ಚಿತ್ರಣವನ್ನು ಹಂತಹಂತವಾಗಿ ಇನ್ನೊಂದಾಗಿ ಬದಲಿಸುವುದರ ಅಧ್ಯಯನವನ್ನು) ಗ್ರಾಫ್‌ಗಳಿಗೆ, ಅಂದರೆ ಶೃಂಗಗಳೂ ಅವುಗಳನ್ನು ಜೋಡಿಸುವ ಅಂಚುಗಳೂ ಇರುವ ರಚನೆಗಳಿಗೆ, ಅನ್ವಯಿಸುವ ಬಗೆಯನ್ನು ಓದುತ್ತಿದ್ದೇನೆ. ಗಣಿತಜ್ಞ ಲೊವಾಸ್ ಅವರು 1978ರಲ್ಲಿ ಒಂದು ಬಗೆಯ ಗ್ರಾಫ್‌ಗಳ ವರ್ಣಸಂಖ್ಯೆಯ ಕುರಿತ ಕ್ನೇಸರ್ ಊಹೆಯನ್ನು ಸಾಧಿಸಿದಾಗ ಗ್ರಾಫಿನಿಂದ ಒಂದು ಸಂಕೀರ್ಣವನ್ನು (ಬಿಂದು, ರೇಖೆ, ತ್ರಿಕೋನ ಮುಂತಾದವನ್ನು ಜೋಡಿಸಿದ ಆಕೃತಿಯನ್ನು) ಕಟ್ಟಿ, ಅದರ ಟೊಪಾಲಜಿಯಿಂದ ವರ್ಣಸಂಖ್ಯೆಗೆ, ಅಂದರೆ ಅಂಚಿನಿಂದ ಜೋಡಿಸಿದ ಶೃಂಗಗಳಿಗೆ ಬೇರೆ ಬೇರೆ ಬಣ್ಣ ಕೊಡಲು ಬೇಕಾಗುವ ಕನಿಷ್ಠ ಬಣ್ಣಗಳ ಸಂಖ್ಯೆಗೆ, ಕೆಳಮಿತಿಯನ್ನು ಪಡೆದಿದ್ದರು. ನನ್ನ ಆಸಕ್ತಿ ಇರುವುದು ಗ್ರಾಫ್‌ಗಳ ಮೇಲೆಯೇ ನೇರವಾಗಿ ನಡೆಯುವ ಎ-ಹೋಮೋಟೊಪಿಯಲ್ಲಿ. ಅಲ್ಲಿ ತ್ರಿಕೋನವೂ ನಾಲ್ಕು ಶೃಂಗಗಳ ಚಕ್ರವೂ ಒಂದು ಬಿಂದುವಿಗೆ ಕುಗ್ಗುತ್ತವೆ. ಆದರೆ ಐದು ಶೃಂಗಗಳ ಚಕ್ರವು ಕುಗ್ಗದೆ, ಅದರ ಮೂಲಭೂತ ಗ್ರೂಪ್ (ಹೋಮೋಟೊಪಿಯ ಮಟ್ಟಿಗೆ ಅದರಲ್ಲಿರುವ ಕುಣಿಕೆಗಳ ಗ್ರೂಪ್) ಪೂರ್ಣಾಂಕಗಳ ಗ್ರೂಪೇ ಆಗುತ್ತದೆ. ಈ ಫಲಿತಾಂಶವೇ ನನ್ನನ್ನು ಈ ವಿಷಯಕ್ಕೆ ಸೆಳೆಯಿತು.

ನನ್ನ ತೊಡಕು ಹೀಗಿದೆ. ಎರಡು ಹೋಮೋಟೊಪಿಗಳನ್ನು ಒಂದರ ಮುಂದೊಂದು ಜೋಡಿಸಿದಾಗ ಅವುಗಳ ಉದ್ದಗಳು ಕೂಡುವುದರಿಂದ, ಟೊಪಾಲಜಿಯಲ್ಲಿ ಏಕಮಾನ ಅಂತರ [0, 1] ಮಾಡುವ ಕೆಲಸವನ್ನು ಇಲ್ಲಿ ನಿಗದಿತ ಉದ್ದದ ಯಾವ ಪಥವೂ ಒಂಟಿಯಾಗಿ ಮಾಡಲಾರದು. ಆದ್ದರಿಂದ ಎರಡೂ ದಿಕ್ಕಿಗೆ ಅನಂತವಾಗಿ ಚಾಚಿದ ರೇಖೆಯಿಂದ ಗ್ರಾಫಿಗೆ ಹೋಗುವ, ಎರಡೂ ತುದಿಗಳಲ್ಲಿ ಕೊನೆಗೆ ಸ್ಥಿರವಾಗುವ ಚಿತ್ರಣಗಳನ್ನೇ ಶೃಂಗಗಳಾಗಿಸಿ ಪಥಗಳ ಗ್ರಾಫನ್ನು ಕಟ್ಟುತ್ತಾರೆ. ಪ್ರತಿ ಪಥಕ್ಕೂ ಅದರ ಎರಡು ತುದಿಗಳನ್ನು ಕೊಡುವ ಚಿತ್ರಣವು ಫೈಬ್ರೇಶನ್ (ಕೆಳಗಿನ ಹೋಮೋಟೊಪಿಗಳನ್ನು ಮೇಲಕ್ಕೆ ಎತ್ತಬಹುದಾದ ಚಿತ್ರಣ) ಎಂಬುದನ್ನು ಘನಾಕೃತಿ ಗಣಗಳ (ಬಿಂದು, ರೇಖೆ, ಚೌಕ, ಘನ ಮುಂತಾದವನ್ನು ಜೋಡಿಸಿದ ರಚನೆಗಳ) ಮೂಲಕ ಸಾಧಿಸುವುದನ್ನು ಓದಿದ್ದೇನೆ. ಆದರೆ ಒಂದು ಬದಿ ಇಲ್ಲದ ಚೌಕವನ್ನು ತುಂಬುವ ಹಂತವನ್ನು ಐದು ಶೃಂಗಗಳ ಚಕ್ರದ ಮೇಲೆ ಕೈಯಾರೆ ಬರೆದು ನೋಡದೆ ಆ ವಾದ ನನಗೆ ಮನದಟ್ಟಾಗುತ್ತಿಲ್ಲ.

ಈ ಲೆಕ್ಕವನ್ನು ಮಾಡಿರುವವರು, ತುಂಬುವಾಗ ಪಥವನ್ನು ಎಷ್ಟು ಉದ್ದ ಮಾಡಬೇಕಾಗುತ್ತದೆ ಎಂಬುದನ್ನು ಒಂದು ಉದಾಹರಣೆಯೊಂದಿಗೆ ವಿವರಿಸುವಿರಾ? ಕೈಬರಹದ ಟಿಪ್ಪಣಿಯ ಫೋಟೊ ಕಳುಹಿಸಿದರೂ ಸಾಕು. ಕಲಬುರಗಿ ಅಥವಾ ಕಡಗಂಚಿಯಲ್ಲಿ ಇರುವವರಾದರೆ ನಾನೇ ಬಂದು ಭೇಟಿಯಾಗುತ್ತೇನೆ.