ಮಂಡಿ ಆಪರೇಷನ್‌ಗೆ ಮುಂಚೆ, ಆಮೇಲೆ: ಏನನ್ನು ಅಳೆಯಬೇಕು?

ಪ್ರಶ್ನೆ: ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಮಂಡಿ ಕೀಲು ಬದಲಿಸುವ ಆಪರೇಷನ್ ಶುರುವಾಗಿದೆ. ರೋಗಿಗೆ ಎಷ್ಟು ಗುಣವಾಯಿತು ಎಂದು ಅಂಕಿಯಲ್ಲಿ ಬರೆದಿಡಬೇಕು. ಇರುವುದು ಇಬ್ಬರೇ ಫಿಸಿಯೋಗಳು. ಯಾವ ಅಳತೆ, ಯಾವಾಗ? ತಿಳಿದವರು ಹೇಳಿ.

ಉತ್ತರ 1: ಆಕ್ಸ್‌ಫರ್ಡ್ ನೀ ಸ್ಕೋರ್ (ಮಂಡಿಯ ಬಗ್ಗೆ ರೋಗಿಯೇ ಉತ್ತರಿಸುವ ಪ್ರಶ್ನೆಗಳ ಫಾರಂ) ಒಂದನ್ನೇ ಹಿಡಿಯಿರಿ ಮೇಡಂ. ಕಳೆದ 4 ವಾರಗಳ ನೋವು, ಓಡಾಟದ ಬಗ್ಗೆ 12 ಪ್ರಶ್ನೆ, ತಲಾ 0ಯಿಂದ 4 ಅಂಕ, ಒಟ್ಟು 48. ಜಾಸ್ತಿ ಬಂದಷ್ಟೂ ಒಳ್ಳೆಯದು. 1998ರ ಮೂಲ ಲೆಕ್ಕ 12ರಿಂದ 60ರವರೆಗೆ, ಅದರಲ್ಲಿ ಕಡಿಮೆ ಬಂದರೆ ಒಳ್ಳೆಯದು. ಹಳೆಯ ಅಂಕ ಸಿಕ್ಕರೆ 60ರಿಂದ ಕಳೆಯಿರಿ, ಹೊಸದು ಬರುತ್ತದೆ. 2 ಪ್ರಶ್ನೆ ಖಾಲಿಯಿದ್ದರೆ ಉಳಿದವುಗಳ ಸರಾಸರಿ ತುಂಬಬಹುದು. ಅದಕ್ಕಿಂತ ಹೆಚ್ಚು ಖಾಲಿಯಿದ್ದರೆ ಒಟ್ಟು ಹಾಕಬೇಡಿ. ಪರವಾನಗಿ ಪಡೆದೇ ಬಳಸಿ, ನೀವೇ ಅನುವಾದಿಸಿ ಹಂಚಬೇಡಿ.

ಮೊದಲ ಫಾರಂ ಆಪರೇಷನ್‌ಗೆ ಮುಂಚೆಯೇ ಆಗಲೇಬೇಕು. ಆಮೇಲೆ ನೆನಪಿನಿಂದ ಕೇಳಿದರೆ ಹಳೆಯ ನೋವು ಇದ್ದದ್ದಕ್ಕಿಂತ ದೊಡ್ಡದಾಗಿಯೋ ಚಿಕ್ಕದಾಗಿಯೋ ಬರುತ್ತದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2009ರಿಂದ ಆಪರೇಷನ್‌ಗೆ ಮುಂಚೆ ಒಂದು, ಆಗಿ 6 ತಿಂಗಳಾದಾಗ ಒಂದು ಫಾರಂ ತುಂಬಿಸುವ ಕ್ರಮ ತಂದಿತು. ನಿಮಗೂ ಅಷ್ಟು ಸಾಕು. ಕೈಲಾದರೆ ವರ್ಷ ತುಂಬಿದಾಗ ಇನ್ನೊಂದು ಸೇರಿಸಿ.

ಉತ್ತರ 2: ಯಾರು ಕೇಳುತ್ತಾರೆ ಅನ್ನುವುದೂ ಮುಖ್ಯ. ಆಪರೇಷನ್ ಮಾಡಿದ ಡಾಕ್ಟರೇ ಕೇಳಿದರೆ ‘ಚೆನ್ನಾಗಿದೆ ಸರ್’ ಅನ್ನುವವರೇ ಹೆಚ್ಚು. ಓದು ಬಾರದವರಿಗೆ ನರ್ಸ್ ಓದಿ ಹೇಳಲಿ, ಮಗ ಸೊಸೆ ಉತ್ತರ ಕೊಡುವುದು ಬೇಡ. ಮಂಡಿಯೂರಿ ಏಳುವ ಪ್ರಶ್ನೆಯಲ್ಲಿ ಎಡವಟ್ಟು ಜಾಸ್ತಿ: ‘ನೆಲಕ್ಕೆ ಕೂರಬೇಡಿ’ ಎಂದು ನಾವೇ ಹೇಳಿರುತ್ತೇವೆ, ಅವರು ಪ್ರಯತ್ನಿಸದೆಯೇ ‘ಆಗಲ್ಲ’ ಅನ್ನುತ್ತಾರೆ. ‘ಆಗಲ್ಲವೋ, ಮಾಡಿ ನೋಡಿಲ್ಲವೋ’ ಎಂದು ಕೇಳಿ ಪಕ್ಕದಲ್ಲಿ ಗುರುತು ಹಾಕಿ. ಚಕ್ಕಳಮಕ್ಕಳ, ಕುಕ್ಕರಗಾಲು, ನೆಲದ ಶೌಚಾಲಯ ನಮ್ಮವರಿಗೆ ದೊಡ್ಡ ವಿಷಯ. ಬೇರೆ ಹಾಳೆಯಲ್ಲಿ ಬರೆಯಿರಿ, 48ಕ್ಕೆ ಸೇರಿಸಬೇಡಿ.

ಉತ್ತರ 3: ಫಾರಂ ಜತೆ ಒಂದು ದೇಹದ ಅಳತೆಯೂ ಇರಲಿ. 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ಎಣಿಸಿ. ಸುಮಾರು 43 ಸೆಂ.ಮೀ. ಎತ್ತರದ, ಕೈ ಇಲ್ಲದ ಕುರ್ಚಿ ಗೋಡೆಗೆ ಒತ್ತಿರಲಿ, ರೋಗಿ ಕೈ ಎದೆಗೆ ಕಟ್ಟಿರಲಿ. ಪ್ರತಿ ಸಲವೂ ಅದೇ ಕುರ್ಚಿ. ಎತ್ತರ ಬದಲಾದರೆ ಎಣಿಕೆಗೆ ಅರ್ಥವಿಲ್ಲ. ಕೀಲು ಬಾಗುವುದನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ. ಉದ್ದ ತೋಳಿನ ಗೋನಿಯೋಮೀಟರ್ (ಕೋನ ಅಳೆಯುವ ಸಾಧನ) ಬೇಕು, ಒಂದು ತೋಳು ತೊಡೆಮೂಳೆಯ ಮೇಲ್ತುದಿಯ ಹೊರ ಉಬ್ಬಿನ ಕಡೆಗೆ, ಇನ್ನೊಂದು ಹೊರ ಕಣಕಾಲಿನ ಗಂಟಿನ ಕಡೆಗೆ. ರೋಗಿ ತಾನೇ ಬಾಗಿಸಿದ್ದೋ ನೀವು ಒತ್ತಿ ಬಾಗಿಸಿದ್ದೋ ಬರೆದಿಡಿ. ಮೊದಲ ತಿಂಗಳ ಎಣಿಕೆ ಮುಂಚಿಗಿಂತ ಕಡಿಮೆ ಬಂದರೆ ಗಾಬರಿ ಬೇಡ. ಆಗ ತೊಡೆಯ ಸ್ನಾಯು ಸೊರಗಿರುತ್ತದೆ.

ಉತ್ತರ 4: ಒಬ್ಬ ರೋಗಿಯಲ್ಲಿ 48ರ ಫಾರಂನ ಮೂರ್ನಾಲ್ಕು ಅಂಕ ಏರಿದರೆ ಗುಣ ಎನ್ನಬೇಡಿ, ಅದು ಅಳತೆಯದೇ ಅಲುಗಾಟ. ಯಾವ ಕಾಲು, ಇನ್ನೊಂದು ಮಂಡಿ ಹೇಗಿದೆ ಎಂಬುದೂ ದಾಖಲಾಗಲಿ. ಆ ಮಂಡಿ ನೋಯುತ್ತಿದ್ದರೆ ಹೊಸ ಕೀಲು ಚೆನ್ನಾಗಿದ್ದರೂ ಅಂಕ ಕೆಳಗೇ ಉಳಿಯುತ್ತದೆ. ಸರಾಸರಿ ಮಾತ್ರ ಬರೆದರೆ, ಗುಣವಾಗದ ಕೆಲವರು ಅದರೊಳಗೆ ಮರೆಯಾಗುತ್ತಾರೆ. ಅಂಕ ಏರದವರ ಪಟ್ಟಿ ಬೇರೆ ಇಟ್ಟು ಕರೆಸಿ. ತಪಾಸಣೆಗೆ ಬಾರದೇ ಹೋದವರನ್ನು ಗುಣವಾದವರ ಲೆಕ್ಕಕ್ಕೆ ಹಾಕಬೇಡಿ. ದಾಖಲಾಗುವ ದಿನವೇ ರೋಗಿಯದೊಂದು, ಮನೆಯವರದೊಂದು ಫೋನ್ ನಂಬರ್ ತೆಗೆದುಕೊಳ್ಳಿ.