ಜಪಾನಿ ಹೆಂಡತಿ, ಏಳು ತಿಂಗಳ ಮಗು, ಡೊಂಬಿವಲಿಗೆ ವಾಪಸ್: ಅನುಭವ ಇರುವವರು ದಯವಿಟ್ಟು ಹೇಳಿ

ನಮಸ್ಕಾರ. ನಾನು ಡೊಂಬಿವಲಿಯಲ್ಲಿ ಬೆಳೆದವನು, ಮೂಲ ಕುಂದಾಪುರದ ಕಡೆ. ಆರು ವರ್ಷದಿಂದ ಜಪಾನಿನ ನಗೋಯಾದಲ್ಲಿ ಕೆಲಸ. ಹೆಂಡತಿ ಅಲ್ಲಿಯವಳೇ. 2024ರ ಮೇ ತಿಂಗಳಲ್ಲಿ ಮದುವೆ ರಿಜಿಸ್ಟರ್ ಆಯಿತು. ಈಗ ಏಳು ತಿಂಗಳ ಮಗಳಿದ್ದಾಳೆ, ಅವಳದು ಜಪಾನಿ ಪಾಸ್‌ಪೋರ್ಟ್. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದಾರೆ. ಬರುವ ಮಾರ್ಚ್‌ಗೆ ವಾಪಸ್ ಬರೋಣ ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದ್ದೇವೆ. ಹೆಂಡತಿಗೆ ನಾನು ಸ್ಪಾನ್ಸರ್ ಆಗಬೇಕಾ? ಕೆಲಸ ಬಿಟ್ಟು ಬರುವುದರಿಂದ ಸಂಬಳದ ಚೀಟಿ ಇರುವುದಿಲ್ಲ, ಅದಕ್ಕೆ ವೀಸಾ ನಿಲ್ಲುತ್ತದಾ? ಟೂರಿಸ್ಟ್ ವೀಸಾದಲ್ಲಿ ಬಂದು ಅಲ್ಲೇ ಓಸಿಐ (ಓವರ್ಸೀಸ್ ಸಿಟಿಜನ್ ಆಫ್ ಇಂಡಿಯಾ, ವಿದೇಶಿ ಪಾಸ್‌ಪೋರ್ಟ್ ಇದ್ದವರಿಗೆ ಭಾರತ ಕೊಡುವ ಕಾರ್ಡ್) ಹಾಕಿದರೆ ಸಾಕು ಅಂತ ಒಬ್ಬರು ಹೇಳಿದರು, ಹೌದಾ? ಅವಳು ಭಾರತದಲ್ಲಿ ಕೆಲಸಕ್ಕೆ ಹೋಗಬಹುದಾ? ಈ ದಾರಿಯಲ್ಲಿ ಹೋದವರು ನಿಮ್ಮ ಅನುಭವ ಹೇಳಿದರೆ ದೊಡ್ಡ ಉಪಕಾರ.

ಮುಲುಂಡ್‌ನಿಂದ:

ತಮ್ಮಾ, ಸಂಬಳದ ಚಿಂತೆ ಮೊದಲು ಬಿಡಿ. ನನ್ನ ಗಂಡ ಇಂಗ್ಲೆಂಡಿನವರು. ಅಲ್ಲಿಗೆ ವಿದೇಶಿ ಗಂಡನನ್ನೋ ಹೆಂಡತಿಯನ್ನೋ ಕರೆಸಬೇಕಾದರೆ ವರ್ಷಕ್ಕೆ ಇಷ್ಟು ಆದಾಯ ಇರಲೇಬೇಕು ಅಂತ ನಿಯಮ ಇದೆ. 2024ರಿಂದ ಅದು 29,000 ಪೌಂಡ್. ನಮ್ಮ ದೇಶದಲ್ಲಿ ಆ ತರಹದ ಮಿತಿ ಇಲ್ಲ. ಇಲ್ಲಿ ಸ್ಪಾನ್ಸರ್ ಅಂದರೆ ನೀವು ಬರೆದುಕೊಡುವ ಪತ್ರ, ಒಂದು ಅಂಡರ್‌ಟೇಕಿಂಗ್, ನಿಮ್ಮ ಪಾಸ್‌ಪೋರ್ಟ್ ಪ್ರತಿ, ಇರುವ ಮನೆಯ ಪುರಾವೆ. ಅಷ್ಟೇ.

ಆದರೆ ಟೂರಿಸ್ಟ್ ವೀಸಾದ ಮಾತು ಕೇಳಬೇಡಿ. ಭಾರತೀಯರನ್ನು ಮದುವೆಯಾದವರಿಗೆ ಅಂತಲೇ ಎಂಟ್ರಿ ವೀಸಾ ಇದೆ, ಎಕ್ಸ್-2 ಅನ್ನುತ್ತಾರೆ. ಅದನ್ನು ಜಪಾನಿನಲ್ಲೇ ಮಾಡಿಸಿಕೊಂಡು ಬನ್ನಿ. ಓಸಿಐಗೆ ಮದುವೆ ರಿಜಿಸ್ಟರ್ ಆಗಿ ಸತತ ಎರಡು ವರ್ಷ ತುಂಬಿರಬೇಕು. ನಿಮಗೆ ಅದು 2026ರ ಮೇಗೆ ತುಂಬುತ್ತದೆ. ಅಲ್ಲಿಯವರೆಗೆ ಕಾಯಬೇಕಾ ಅಂತ ಕೇಳಿದರೆ, ಅಮ್ಮ ಒಬ್ಬರೇ ಇದ್ದಾರೆ ಅಂದಿರಲ್ಲ, ಬಂದುಬಿಡಿ ಅನ್ನುತ್ತೇನೆ. ಎಕ್ಸ್ ವೀಸಾದಲ್ಲಿ ಬಂದು, ಮನೆ ಮಾಡಿ, ಎರಡು ವರ್ಷ ತುಂಬಿದ ಮೇಲೆ ಇಲ್ಲೇ ಓಸಿಐ ಹಾಕಿ. ನಾವು ಮಾಡಿದ್ದೂ ಹಾಗೇ. 2021ರ ಮೇನಲ್ಲಿ ಲೀಡ್ಸ್‌ನಲ್ಲಿ ಮದುವೆ, 2022ರ ನವೆಂಬರ್‌ನಲ್ಲಿ ಮುಲುಂಡ್‌ಗೆ ಬಂದೆವು, 2023ರ ಜೂನ್‌ನಲ್ಲಿ ಅರ್ಜಿ ಹಾಕಿದೆವು. ಫೀಸು 15,000 ರೂಪಾಯಿ. ಕಾರ್ಡ್ ಕೈಗೆ ಬಂದಾಗ ದೀಪಾವಳಿ ಮುಗಿದಿತ್ತು. ಗಂಡ ಹೆಂಡತಿ ಅನ್ನುವ ಕಾರಣಕ್ಕೆ ಕೊಡುವ ಓಸಿಐಗೆ ಭದ್ರತಾ ಪರಿಶೀಲನೆ ಆಗಲೇಬೇಕು, ಅದಕ್ಕೇ ಹೊತ್ತು ಹಿಡಿಯುತ್ತದೆ.

ಬಂದ ಮೇಲೆ ಏನು ಅಂತ ಹೇಳುತ್ತೇನೆ. 180 ದಿನಕ್ಕಿಂತ ಜಾಸ್ತಿ ಅವಧಿಯ ವೀಸಾ ಆದರೆ ಇಳಿದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಓದಲ್ಲಿ ನೋಂದಣಿ ಮಾಡಿಸಬೇಕು. ಈಗ ಇ-ಎಫ್‌ಆರ್‌ಆರ್‌ಓ ಪೋರ್ಟಲ್‌ನಲ್ಲೇ ಮಾಡಬಹುದು. ಅದಕ್ಕೂ ಮೊದಲು ಫಾರ್ಮ್ ಸಿ (2025ರ ಹೊಸ ನಿಯಮದಲ್ಲಿ ಅದು ಫಾರ್ಮ್ III). ವಿದೇಶಿಯರು ಯಾರ ಮನೆಯಲ್ಲಿ ಇಳಿಯುತ್ತಾರೋ ಆ ಮನೆಯವರು 24 ಗಂಟೆಯೊಳಗೆ ತಿಳಿಸಬೇಕು. ಇದು ಹೋಟೆಲ್‌ಗೆ ಮಾತ್ರ ಅಂತ ನಾವು ಅಂದುಕೊಂಡಿದ್ದೆವು. ಅಲ್ಲ. ಮನೆ ಅಮ್ಮನ ಹೆಸರಲ್ಲಿತ್ತು, ಹಾಗಾಗಿ ಅಮ್ಮನ ಹೆಸರಲ್ಲೇ ಲಾಗಿನ್ ಮಾಡಿದೆವು. 68 ವಯಸ್ಸಿನ ಅಮ್ಮ ಕನ್ನಡಕ ಏರಿಸಿಕೊಂಡು, ಅಳಿಯನ ಪಾಸ್‌ಪೋರ್ಟ್ ನಂಬರನ್ನು ಒಂದೊಂದೇ ಅಂಕಿ ಜೋರಾಗಿ ಓದಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. "ಅತಿಥಿ" ಅಂತ ಬರೆಯುವ ಜಾಗಕ್ಕೆ ಬಂದಾಗ ಅಮ್ಮ ನಿಂತುಬಿಟ್ಟರು. "ಅಳಿಯ ಅತಿಥಿ ಹೇಗಾಗುತ್ತಾನೆ?" ಅಂದರು. ನಿಮ್ಮ ಅಮ್ಮನಿಗೂ ಮೊದಲೇ ವಿವರಿಸಿ ಇಡಿ. ಫಾರ್ಮ್‌ನಲ್ಲಿ ಏನೇ ಬರೆದಿರಲಿ, ಸೊಸೆ ಸೊಸೆಯೇ ಅಂತ.

ನಮ್ಮನ್ನು ನಿಜವಾಗಿ ಸುಸ್ತು ಮಾಡಿದ್ದು ನನ್ನ ಹೆಸರು. ಮಹಾರಾಷ್ಟ್ರದ ಶಾಲೆಯಲ್ಲಿ ಓದಿದವರಿಗೆ ಇದು ಗೊತ್ತಿರುತ್ತದೆ. ಶಾಲೆಯ ದಾಖಲೆಯಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಊರಲ್ಲಿ ಮಾಡಿಸಿದ ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆದ ಹೆಸರು. ಲೀಡ್ಸ್‌ನ ಮದುವೆ ಸರ್ಟಿಫಿಕೇಟ್‌ನಲ್ಲಿ ಅಪ್ಪನ ಹೆಸರು ನನ್ನ ಹೆಸರಿನ ಜೊತೆಗೆ ಇಲ್ಲವೇ ಇಲ್ಲ. ಇಲ್ಲಿ ಬಂದ ಮೇಲೆ ಬ್ಯಾಂಕಿನವರು ಕೇಳದೆಯೇ ಅಪ್ಪನ ಹೆಸರು ತೆಗೆದು ಗಂಡನ ಹೆಸರು ಮಧ್ಯೆ ಸೇರಿಸಿದರು. ನಾಲ್ಕು ಕಾಗದ, ನಾಲ್ಕು ಹೆಂಗಸರು! ಅರ್ಜಿ ವಾಪಸ್ ಬಂತು. ಕೊನೆಗೆ ಎಲ್ಲಾ ಹೆಸರೂ ಒಬ್ಬಳದೇ ಅಂತ 100 ರೂಪಾಯಿ ಸ್ಟ್ಯಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿದೆ, ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಿ ಗಂಡನ ಹೆಸರು ಸೇರಿಸಿದೆ. ಅದರಲ್ಲೇ ಎರಡು ತಿಂಗಳು ಹೋಯಿತು. ನೀವು ನಗೋಯಾದಲ್ಲಿ ಇರುವಾಗಲೇ ನಿಮ್ಮ ಪಾಸ್‌ಪೋರ್ಟ್, ಆಧಾರ್, ಮದುವೆ ಕಾಗದ ಮೂರನ್ನೂ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ. ಪಾಸ್‌ಪೋರ್ಟ್‌ನಲ್ಲಿ ಹೆಂಡತಿಯ ಹೆಸರು ಈಗಲೇ ಸೇರಿಸಿಕೊಳ್ಳಿ.

ಮನೆಗೆ ಪೊಲೀಸರು ವಿಚಾರಣೆಗೆ ಬರುತ್ತಾರೆ, ಹೆದರಬೇಡಿ. ನಮ್ಮಲ್ಲಿಗೆ ಬಂದವರು ಮದುವೆ ಫೋಟೋ ನೋಡಿದರು, ಪಕ್ಕದ ಮನೆಯ ಮಾವಶಿಯನ್ನು ಎರಡು ಮಾತು ಕೇಳಿದರು, ಚಹಾ ಕುಡಿದು ಹೋದರು. ಸೊಸೈಟಿ ಸೆಕ್ರೆಟರಿಗೆ ಮಾತ್ರ ಮೊದಲೇ ಒಂದು ಮಾತು ಹೇಳಿ ಇಡಿ. ಗೇಟಿನ ಹತ್ತಿರ "ಯಾರೋ ಗೊತ್ತಿಲ್ಲ" ಅಂದುಬಿಟ್ಟರೆ ಕಷ್ಟ.

ಈಗ ನಾನು ಹೇಳಲೇಬೇಕಾದ ಮಾತು. ಕಾಗದ ಹೇಗೋ ಆಗುತ್ತದೆ. ಓಸಿಐ ಬರುವ ತನಕದ ತಿಂಗಳುಗಳು ನಿಮ್ಮ ಹೆಂಡತಿಗೆ ಬಹಳ ಭಾರ. ಎಕ್ಸ್ ವೀಸಾದಲ್ಲಿ ಹಾಗೇ ಹೋಗಿ ಕೆಲಸಕ್ಕೆ ಸೇರಲು ಆಗುವುದಿಲ್ಲ. ಆಧಾರ್‌ಗೆ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಸಿಮ್ ನನ್ನ ಹೆಸರಲ್ಲಿ, ಗ್ಯಾಸ್ ಅಮ್ಮನ ಹೆಸರಲ್ಲಿ, ದುಡ್ಡು ನನ್ನ ಖಾತೆಯಲ್ಲಿ. ನನ್ನ ಗಂಡ ಹನ್ನೆರಡು ವರ್ಷ ದುಡಿದವರು. ಒಂದು ದಿನ ತರಕಾರಿ ತರಲು ನನ್ನ ಹತ್ತಿರ ಇನ್ನೂರು ರೂಪಾಯಿ ಕೇಳುವಾಗ ಅವರ ಮುಖ ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಅವತ್ತೇ ಪ್ಯಾನ್‌ಗೆ ಅರ್ಜಿ ಹಾಕಿದೆವು. ವಿದೇಶಿಯರಿಗೆ ಆಗ 49ಎಎ ಅಂತ ಬೇರೆ ಫಾರ್ಮ್ ಇತ್ತು. ಪ್ಯಾನ್ ಬಂದ ಮೇಲೆ ನಾಲ್ಕು ಬ್ರಾಂಚ್ ಅಲೆದು ಅವರ ಹೆಸರಲ್ಲೇ ಖಾತೆ ತೆರೆದೆವು. ದಯವಿಟ್ಟು ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ಪುಣೆ, ವಾಕಡ್‌ನಿಂದ:

ನನ್ನ ಹೆಂಡತಿಯೂ ಜಪಾನಿನವರೇ. ಮೇಲೆ ಅಕ್ಕ ಹೇಳಿದ್ದೆಲ್ಲ ಸರಿ, ಜಪಾನಿನ ಕಡೆಯದ್ದು ಮಾತ್ರ ನಾನು ಸೇರಿಸುತ್ತೇನೆ.

ಅಲ್ಲಿ ನಮ್ಮ ತರಹದ ಮದುವೆ ಸರ್ಟಿಫಿಕೇಟ್‌ಗಿಂತ ಕೊಸೆಕಿ ಮುಖ್ಯ, ಅಂದರೆ ಕುಟುಂಬದ ದಾಖಲೆ. ವಿದೇಶಿ ಗಂಡನಿಗೆ ಬೇರೆ ಕೊಸೆಕಿ ಇರುವುದಿಲ್ಲ. ಹೆಂಡತಿಯ ಕೊಸೆಕಿಯಲ್ಲಿ ಮದುವೆಯ ವಿವರದ ಜೊತೆ ನಿಮ್ಮ ಹೆಸರು ಕತಕನಾ ಲಿಪಿಯಲ್ಲಿ ಇರುತ್ತದೆ. ಅದರ ಪ್ರತಿ ತೆಗೆದುಕೊಳ್ಳಿ. ಮದುವೆ ದಾಖಲಾಗಿದೆ ಅಂತ ಪುರಸಭೆ ಕೊಡುವ ಪತ್ರವನ್ನೂ ತೆಗೆದುಕೊಳ್ಳಿ. ಎರಡಕ್ಕೂ ಜಪಾನಿನ ವಿದೇಶಾಂಗ ಸಚಿವಾಲಯದಿಂದ ಅಪೋಸ್ಟಿಲ್ ಮಾಡಿಸಿ, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶಗಳು ಒಪ್ಪುವ ಮುದ್ರೆ. ಅದಕ್ಕೆ ಅಲ್ಲಿ ಶುಲ್ಕ ಇಲ್ಲ. ಇಲ್ಲಿಗೆ ಬಂದ ಮೇಲೆ ನೆನಪಾದರೆ ಅತ್ತೆ ಮಾವನನ್ನು ಓಡಾಡಿಸಬೇಕಾಗುತ್ತದೆ. ನಾನು ಹಾಗೆ ಮಾಡಿದೆ. ಮಾವನವರಿಗೆ ಮೊಣಕಾಲು ನೋವು, ಆದರೂ ಎರಡು ಸಲ ಹೋಗಿ ಬಂದರು. ಇವತ್ತಿಗೂ ನನಗೆ ಅದು ಮನಸ್ಸಿಗೆ ಚುಚ್ಚುತ್ತದೆ.

ಇಂಗ್ಲಿಷ್ ಅನುವಾದದಲ್ಲಿ ಒಂದು ಕಡೆ ಕಣ್ಣಿಡಿ. ಕೊಸೆಕಿಯಲ್ಲಿ ವರ್ಷ ರೇವಾ ಲೆಕ್ಕದಲ್ಲಿ ಇರುತ್ತದೆ, ಅಂದರೆ ಈಗಿನ ಚಕ್ರವರ್ತಿಯ ಕಾಲದ ಜಪಾನಿ ಶಕೆ. 2024 ಅಂದರೆ ರೇವಾ 6. ನಮ್ಮ ಅನುವಾದಕರು ಬರೀ "6" ಅಂತ ಬಿಟ್ಟಿದ್ದರು. ಓಸಿಐಗೆ ಎರಡು ವರ್ಷದ ಲೆಕ್ಕ ನಿಲ್ಲುವುದೇ ಆ ತಾರೀಖಿನ ಮೇಲೆ ಅಲ್ವಾ? 2024 ಅಂತ ಪೂರ್ತಿ ಬರೆಸಿ.

ಇನ್ನೊಂದು, ಇದು ನಮ್ಮ ಮನೆಯಲ್ಲಿ ಮೂರು ವಾರ ನಡೆದ ಮಾತು. ಓಸಿಐ ಹೆಸರಿನಲ್ಲಿ ಸಿಟಿಜನ್ ಅನ್ನುವ ಪದ ಇದೆ. ಜಪಾನಿನವರು ತಾವಾಗಿಯೇ ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ಜಪಾನಿ ಪೌರತ್ವ ಹೋಗುತ್ತದೆ. ಹಾಗಾಗಿ ಹೆಂಡತಿ ಸಹಿ ಹಾಕಲು ಒಪ್ಪಲೇ ಇಲ್ಲ. ತವರಿಗೆ ಹೋಗುವ ಬಾಗಿಲು ಮುಚ್ಚಿಹೋದರೆ ಅಂತ ಅವರ ಭಯ. ಓಸಿಐ ಪೌರತ್ವ ಅಲ್ಲ, ಜೀವನಪೂರ್ತಿ ಇರುವ ವೀಸಾ ಅಂತ ತಿಳಿದುಕೊಳ್ಳಿ. ಮತ ಹಾಕುವ ಹಕ್ಕು ಇಲ್ಲ, ಭಾರತದ ಪಾಸ್‌ಪೋರ್ಟ್ ಇಲ್ಲ, ಜಪಾನಿ ಪಾಸ್‌ಪೋರ್ಟ್ ಹಾಗೇ ಇರುತ್ತದೆ. ಇದನ್ನು ಅವಸರದಲ್ಲಿ ಹೇಳಬೇಡಿ, ನಿಧಾನವಾಗಿ ಕೂತು ಹೇಳಿ. ಕಾರ್ಡ್ ಬಂದ ಮೇಲೆ ಕೆಲಸಕ್ಕೆ ತೊಂದರೆ ಇಲ್ಲ. ನನ್ನ ಹೆಂಡತಿ ಈಗ ಜಪಾನಿ ಭಾಷೆ ಕಲಿಸುತ್ತಾರೆ. ಚಾಕಣ್ ಕಡೆ ಜಪಾನಿ ಕಂಪನಿಗಳು ಇರುವುದರಿಂದ ಪುಣೆಯಲ್ಲಿ ಕಲಿಯುವವರಿಗೆ ಬರವಿಲ್ಲ.

ಜಪಾನಿನಲ್ಲಿ ನೀವು ಕಟ್ಟಿದ ಪೆನ್ಶನ್ ದುಡ್ಡಿನ ಬಗ್ಗೆಯೂ ಯೋಚಿಸಿ. ಜಪಾನ್ ಬಿಟ್ಟ ಎರಡು ವರ್ಷದೊಳಗೆ ಒಟ್ಟಿಗೆ ವಾಪಸ್ ಕೇಳಬಹುದು. ಆದರೆ ಹಾಗೆ ತೆಗೆದುಕೊಂಡರೆ ಎರಡೂ ದೇಶದ ಪೆನ್ಶನ್ ವರ್ಷಗಳನ್ನು ಕೂಡಿಸಿ ನೋಡುವ ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದದಲ್ಲಿ ಆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಆ ಒಪ್ಪಂದ 2016ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ.

ಗೋವಾ, ವಾಸ್ಕೋದಿಂದ:

ಅಣ್ಣಾ, ಮಗಳ ಕೆಲಸ ಎಲ್ಲಕ್ಕಿಂತ ಸುಲಭ. ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾದರೆ ಮಗುವಿಗೆ ಓಸಿಐ ಸಿಗುತ್ತದೆ, ಎರಡು ವರ್ಷ ಕಾಯುವ ಮಾತಿಲ್ಲ. ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ. ಕಾರ್ಡ್ ಹಿಡಿದೇ ಮಗು ವಿಮಾನ ಹತ್ತಲಿ.

ನಾವು ಗದಗದವರು, ನನ್ನ ಗಂಡ ಪೋರ್ಚುಗಲ್‌ನವರು. ನಮ್ಮ ತಪ್ಪು ಹೇಳುತ್ತೇನೆ. ಊರಲ್ಲಿ ಅಕ್ಕಿಕಾಳು ಹಾಕಿಸಿ, ಊಟ ಹಾಕಿಸಿ ಮದುವೆ ಮಾಡಿಕೊಂಡೆವು. ರಿಜಿಸ್ಟರ್ ಆಮೇಲೆ ಮಾಡಿಸಿದರಾಯಿತು ಅಂತ ಬಿಟ್ಟೆವು. ಹನ್ನೊಂದು ತಿಂಗಳಾದ ಮೇಲೆ ಮಾಡಿಸಿದೆವು. ಓಸಿಐಗೆ ಹೋದಾಗ ಅವರು ಎಣಿಸಿದ್ದು ರಿಜಿಸ್ಟರ್ ಆದ ದಿನದಿಂದ. ಇಡೀ ಊರು ಬಂದು ಉಂಡು ಹೋದ ಮದುವೆ, ಆದರೂ ಕಾಗದ ಇಲ್ಲದ ಹನ್ನೊಂದು ತಿಂಗಳು ಲೆಕ್ಕಕ್ಕೆ ಇಲ್ಲ. ನಿಮ್ಮದು ರಿಜಿಸ್ಟರ್ ಆಗಿದೆ, ಬಚಾವಾದಿರಿ. ಇದನ್ನು ಓದುವ ಬೇರೆಯವರಿಗೆ ಅಂತ ಬರೆದೆ.

ಓಸಿಐ ಇದ್ದವರು ಮನೆ, ಫ್ಲ್ಯಾಟ್ ಕೊಳ್ಳಬಹುದು. ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳಲು ಬರುವುದಿಲ್ಲ. ನಮ್ಮವರಿಗೆ ಗೋಡಂಬಿ ತೋಟದ ಆಸೆ ಇತ್ತು, ಬಿಡಬೇಕಾಯಿತು.

ಮಾಟುಂಗಾದಿಂದ:

ಮಗಾ, ನನ್ನ ಸೊಸೆಯೂ ಹೊರದೇಶದವಳು. ಎರಡೇ ಮಾತು. ಮದುವೆಯ ಮೇಲೆ ಕೊಟ್ಟ ಓಸಿಐ ಮದುವೆಯ ಜೊತೆಗೇ ಇರುತ್ತದೆ. ಕೋರ್ಟಿನಲ್ಲಿ ಮದುವೆ ಮುರಿದರೆ ಕಾರ್ಡ್ ರದ್ದು ಮಾಡಬಹುದು. ಅವಳು ಹೊಸ ಪಾಸ್‌ಪೋರ್ಟ್ ಮಾಡಿಸಿದಾಗಲೆಲ್ಲ ಮದುವೆ ಇನ್ನೂ ಉಂಟು ಅಂತ ಬರೆದು ಪೋರ್ಟಲ್‌ಗೆ ಹಾಕಬೇಕು. ಇದನ್ನು ಹೆಂಡತಿಗೆ ಮುಚ್ಚಿಡಬೇಡ. ಅವಳು ತನ್ನ ಊರು ಬಿಟ್ಟು ನಿನ್ನ ಅಮ್ಮನಿಗೋಸ್ಕರ ಬರುತ್ತಿದ್ದಾಳೆ, ಎಲ್ಲಾ ತಿಳಿದೇ ಬರಲಿ. ಏಳು ವರ್ಷ ಇಲ್ಲಿ ನೆಲೆಸಿದ ಮೇಲೆ ಅವಳಿಗೇ ಬೇಕೆನಿಸಿದರೆ ಪೌರತ್ವಕ್ಕೆ ಅರ್ಜಿ ಹಾಕುವ ದಾರಿ ಉಂಟು, ಆದರೆ ಆಗ ಜಪಾನಿ ಪೌರತ್ವ ಬಿಡಬೇಕು. ಅದು ಅವಳ ತೀರ್ಮಾನ, ನಿನ್ನದಲ್ಲ.

ಎರಡನೆಯದು, ಬೇಕಾದ ಕಾಗದಗಳ ಹಳೆಯ ಪಟ್ಟಿ ನಂಬಬೇಡ. 2025ರ ಸೆಪ್ಟೆಂಬರ್ 1ರಿಂದ ವಿದೇಶಿಯರ ಬಗ್ಗೆ ಹೊಸ ಕಾಯ್ದೆ ಬಂದಿದೆ, ಹಳೆಯ ನಾಲ್ಕು ಕಾಯ್ದೆ ಹೋಗಿವೆ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಇರುವ ಪಟ್ಟಿಯನ್ನೇ ನೋಡು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಮಗು ಮಲಗಿದ ಮೇಲೆ ಇದನ್ನೆಲ್ಲ ಹೆಂಡತಿಗೆ ಒಂದೊಂದಾಗಿ ಓದಿ ಅರ್ಥ ಹೇಳಿದೆ. ಕಾರ್ಡ್ ರದ್ದಾಗುವ ವಿಷಯವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬ್ಯಾಂಕ್ ಖಾತೆಯ ಆ ಭಾಗವನ್ನು ಇನ್ನೊಂದು ಸಲ ಓದಿಸಿದಳು. ಸೋಮವಾರ ರಜೆ ಹಾಕಿ ಕೊಸೆಕಿ ತರಲು ಹೋಗುತ್ತೇವೆ. ಪಾಸ್‌ಪೋರ್ಟ್‌ಗೂ ಅವತ್ತೇ ಅರ್ಜಿ. ಒಂದೇ ಅನುಮಾನ: ಡೊಂಬಿವಲಿ ಮನೆಯೂ ಕರೆಂಟ್ ಬಿಲ್ಲೂ ಇನ್ನೂ ಅಪ್ಪನ ಹೆಸರಲ್ಲೇ ಇವೆ. ಇದು ನಡೆಯುತ್ತದಾ?

ಮುಲುಂಡ್‌ನಿಂದ:

ಬಿಲ್ಲನ್ನು ಅಮ್ಮನ ಹೆಸರಿಗೆ ಮಾಡಿಸಿ ತಮ್ಮಾ, ಫಾರ್ಮ್ ಸಿ ತುಂಬುವವರು ಅವರೇ ತಾನೇ. ಮಹಾವಿತರಣ್ (ಕರೆಂಟ್ ಕಂಪನಿ) ಕಚೇರಿಗೆ ಅಪ್ಪನ ಮರಣ ಪ್ರಮಾಣಪತ್ರ, ಸೊಸೈಟಿ ಪತ್ರ ಕೊಟ್ಟು ಅರ್ಜಿ ಹಾಕಿ. ಫ್ಲ್ಯಾಟಿನ ಶೇರ್ ಸರ್ಟಿಫಿಕೇಟ್ ಬದಲಾಗಲು ಹೊತ್ತು ಹಿಡಿಯುತ್ತದೆ, ಅದನ್ನೂ ಸೊಸೈಟಿಯಲ್ಲಿ ಈಗಲೇ ಶುರು ಮಾಡಿ. ಡೊಂಬಿವಲಿ ಥಾಣೆ ಪೊಲೀಸ್ ಕಮಿಷನರೇಟ್‌ಗೆ ಸೇರುತ್ತದೆ. ಹಾಗಾಗಿ ವಿಚಾರಣೆ ಮುಂಬೈಯಿಂದ ಬರುತ್ತದೆ ಅಂತ ಕಾಯಬೇಡಿ, ಅಲ್ಲಿನ ಠಾಣೆಯಿಂದಲೇ ಬರುತ್ತಾರೆ. ಅಮ್ಮನಿಗೆ ಓಡಾಡಲು ಕಷ್ಟವಾದರೆ ಹೇಳಿ, ಭಾನುವಾರ ನಾನು ಡೊಂಬಿವಲಿಗೆ ಅತ್ತಿಗೆ ಮನೆಗೆ ಬರುತ್ತಿರುತ್ತೇನೆ. ಫಾರ್ಮ್ ತುಂಬಿಸಿಕೊಂಡು ಸಹಿ ಹಾಕಿಸಿ ಹೋಗುತ್ತೇನೆ.