ತನಿ ಶುರುವಾದಾಗ ಎದ್ದು ಹೋದೆ. ಮೃದಂಗದವರನ್ನು ಒಂದು ಮಾತು ಕೇಳಬೇಕು

ಕೇಳುಗ, ಹಾಸನ

ಹತ್ತು ವರ್ಷದಿಂದ ಕಚೇರಿ ಕೇಳುತ್ತಿದ್ದೇನೆ. ಸಂಗೀತ ಕಲಿತವನಲ್ಲ. ಹೋದ ವಾರ ಮೈಸೂರಿನಲ್ಲಿ ಒಂದು ಕಚೇರಿ ಇತ್ತು. ತನಿ ಆವರ್ತನ, ಅಂದರೆ ಹಾಡು ನಿಂತು ಮೃದಂಗದಂಥ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದಾಗ ಎಲ್ಲರ ಜೊತೆ ನಾನೂ ಕಾಫಿಗೆ ಎದ್ದೆ. ಬಾಗಿಲ ಹತ್ತಿರ ತಿರುಗಿ ನೋಡಿದರೆ ಮೃದಂಗದವರು ನಮ್ಮ ಕಡೆಯೇ ನೋಡುತ್ತಿದ್ದರು. ಆ ಮುಖ ಮರೆಯಲು ಆಗುತ್ತಿಲ್ಲ. ಇಲ್ಲಿ ನುಡಿಸುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನಿಮ್ಮ ದಿನ ಹೇಗಿರುತ್ತದೆ? ವೇದಿಕೆ ಮೇಲೆ ಯಾವುದು ಬೇಜಾರು ತರುತ್ತದೆ? ಬಿಡುವಿದ್ದಾಗ ಏನು ಮಾಡುತ್ತೀರಿ?

ಮೃದಂಗದವಳು, ಮೈಸೂರು

ಕೇಳಿದ್ದಕ್ಕೆ ತುಂಬಾ ಸಂತೋಷ ಸರ್. ನಾನು 22 ವರ್ಷದಿಂದ ನುಡಿಸುತ್ತಿದ್ದೇನೆ. ಆಕಾಶವಾಣಿ ಕಲಾವಿದರಿಗೆ ಕೊಡುವ ದರ್ಜೆಯಲ್ಲಿ ನನ್ನದು ಬಿ ಹೈ ಗ್ರೇಡ್.

ನನ್ನ ದಿನ ಬೆಳಗ್ಗೆ ಐದೂವರೆಗೆ ಪಾಠದಿಂದ ಶುರು. ಅಮೆರಿಕದಲ್ಲಿರುವ ಇಬ್ಬರು ಮಕ್ಕಳಿಗೆ ಆಗ ಸಂಜೆ. ಆನ್‌ಲೈನ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಹಾಗಾಗಿ ಇಬ್ಬರೂ ಒಟ್ಟಿಗೆ ನುಡಿಸಲು ಆಗುವುದಿಲ್ಲ. ನಾನು ನುಡಿಸಿ ನಿಲ್ಲಿಸಬೇಕು, ಆಮೇಲೆ ಅವರು. ಮಗ ಸ್ಕೂಲಿಗೆ ಹೋದ ಮೇಲೆ ಎರಡು ಗಂಟೆ ನನ್ನ ಅಭ್ಯಾಸ. ಸಂಜೆ ಮತ್ತೆ ಪಾಠ.

ನಮ್ಮ ಅಡುಗೆಮನೆಯಲ್ಲಿ ಎರಡು ರವೆ ಡಬ್ಬಿಗಳಿವೆ. ಒಂದು ಉಪ್ಪಿಟ್ಟಿಗೆ. ಇನ್ನೊಂದರಲ್ಲಿ ಚಿರೋಟಿ ರವೆ, ಅದು ಮೃದಂಗಕ್ಕೆ. ನಮ್ಮ ಅತ್ತೆ ಅದನ್ನು ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಬಲಮುಖದ ಮಧ್ಯದ ಕಪ್ಪು ಲೇಪ, ಕರಣೆ ಅಂತೀವಿ, ಅದು ಯಾವಾಗಲೂ ಇರುತ್ತದೆ. ಎಡಮುಖಕ್ಕೆ ಮಾತ್ರ ನುಡಿಸುವ ಮುಂಚೆ ರವೆಯನ್ನು ನೀರಲ್ಲಿ ಕಲಸಿ ಮಧ್ಯದಲ್ಲಿ ಮೆತ್ತಬೇಕು. ಆಗಲೇ ಆ ತುಂಬಿದ ನಾದ ಬರುವುದು. ಕಚೇರಿ ಮುಗಿದ ಮೇಲೆ ಅದನ್ನು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಚರ್ಮ ಹಾಳಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದರೂ ಆ ಕೆಲಸ ಬಾಕಿ ಇಡುವುದಿಲ್ಲ.

ಬೇಜಾರಿನ ವಿಷಯಕ್ಕೆ ಬರುತ್ತೇನೆ. ಮೊದಲನೆಯದು, ತಲೆ ಮೇಲಿನ ಫ್ಯಾನ್. ಮೆತ್ತಿದ ರವೆ ಒಣಗಿ ಬಿರಿಯುತ್ತದೆ, ಅರ್ಧ ಕೃತಿಯಲ್ಲಿ ಎಡಗಡೆಯ ನಾದವೇ ಹೋಗುತ್ತದೆ. ಅದಕ್ಕೇ ಪಕ್ಕದಲ್ಲಿ ನೀರಿನ ಬಟ್ಟಲು ಇಟ್ಟುಕೊಂಡಿರುತ್ತೇನೆ. ಇನ್ನೊಂದು, ಶ್ರುತಿಯನ್ನು, ಅಂದರೆ ಹಾಡುವವರ ಆಧಾರ ಸ್ವರದ ಎತ್ತರವನ್ನು, ತಪ್ಪಾಗಿ ಹೇಳುವುದು. ಅದನ್ನು ನಾವು ಅಂಕಿಯಲ್ಲಿ ಹೇಳುತ್ತೇವೆ, ಅಂಕಿ ಹೆಚ್ಚಾದಷ್ಟೂ ಎತ್ತರ. ಗಂಡಸರ ಹಾಡಿಕೆ ಸಾಮಾನ್ಯವಾಗಿ ಒಂದು, ಒಂದೂವರೆ, ಎರಡರ ಆಸುಪಾಸು. ಹೆಂಗಸರದ್ದು ಐದು, ಐದೂವರೆ. ಒಂದೇ ಮೃದಂಗದಲ್ಲಿ ಎರಡೂ ಆಗುವುದಿಲ್ಲ. ತಗ್ಗು ಶ್ರುತಿಯದ್ದು ಬೇರೆ, ಹೆಚ್ಚು ಶ್ರುತಿಯದ್ದು ಬೇರೆ. ಒಮ್ಮೆ ಬೆಂಗಳೂರಿಗೆ ರೈಲಲ್ಲಿ ಹೋಗಿ ವೇದಿಕೆ ಮೇಲೆ ಕೂತ ಮೇಲೆ ಗೊತ್ತಾಯಿತು, ಫೋನಲ್ಲಿ ಐದು ಎಂದವರು ಹಾಡುವುದು ಐದೂವರೆಗೆ. ಬಲಮುಖದ ಅಂಚಿಗೆ ಕಟ್ಟಿಗೆ ತುಂಡಿಟ್ಟು ಮೇಲಿನಿಂದ ಕಲ್ಲಿನಲ್ಲಿ ತಟ್ಟಿದರೆ ಶ್ರುತಿ ಏರುತ್ತದೆ, ಕೆಳಗಿನಿಂದ ತಟ್ಟಿದರೆ ಇಳಿಯುತ್ತದೆ. ಶುರುವಿಗೆ ಹಾಡುವ ವರ್ಣ ಮುಗಿಯುವವರೆಗೂ ನಾನು ಏರಿಸುತ್ತಲೇ ಇದ್ದೆ. ಅಂಚು ಹರಿದೀತು ಅಂತ ಕೈ ನಡುಗುತ್ತಿತ್ತು.

ಈಗ ತನಿ. ಎರಡು ಗಂಟೆ ನಾವು ಹಾಡುವವರ ಉಸಿರು ನೋಡಿಕೊಂಡು ನುಡಿಸುತ್ತೇವೆ. ಎಲ್ಲಿ ಜೋರು, ಎಲ್ಲಿ ಸುಮ್ಮನಿರಬೇಕು, ಯಾವ ಸಾಲನ್ನು ಹಾಗೇ ಬಿಟ್ಟುಕೊಡಬೇಕು, ಎಲ್ಲ ಅದೇ ಕ್ಷಣದ ತೀರ್ಮಾನ. ಎಷ್ಟೋ ಸಲ ರಿಹರ್ಸಲ್ಲೇ ಇರುವುದಿಲ್ಲ. ಆಮೇಲೆ ಹತ್ತು ಹನ್ನೆರಡು ನಿಮಿಷ ನಮ್ಮ ಮಾತು. ಆಗಲೇ ಕುರ್ಚಿಗಳ ಸದ್ದು ಶುರುವಾಗುತ್ತದೆ, ಸಂಘಟಕರು ಗಡಿಯಾರ ತೋರಿಸುತ್ತಾರೆ. ನನಗೆ ನಿಜವಾಗಿ ನೋವಾಗುತ್ತದೆ ಸರ್. ನಿಮ್ಮ ಮೇಲೆ ಕೋಪ ಇಲ್ಲ. ಒಳಗೆ ಏನು ನಡೆಯುತ್ತಿದೆ ಅಂತ ಯಾರೂ ನಿಮಗೆ ಹೇಳಿಕೊಟ್ಟಿಲ್ಲ, ಅಷ್ಟೇ.

ಮುಂದಿನ ಸಲ ಕೈಯಲ್ಲಿ ತಾಳ ಹಾಕಿ ನೋಡಿ. ಆದಿ ತಾಳವಾದರೆ ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಎರಡು ಸಲ ಪೆಟ್ಟು ಮತ್ತು ಹುಸಿ (ಅಂಗೈ ಮೇಲೆ ತಿರುಗಿಸುವುದು). ಒಟ್ಟು 8. ಮಿಶ್ರ ಛಾಪು ತಾಳ ಇದ್ದರೆ ಮನಸ್ಸಲ್ಲೇ ತಕಿಟ ತಕಧಿಮಿ ಅಂದುಕೊಳ್ಳಿ, 7. ಘಟ (ಮಣ್ಣಿನ ಮಡಕೆ ವಾದ್ಯ) ಅಥವಾ ಖಂಜಿರ (ಕೈಯಲ್ಲಿ ಹಿಡಿದು ನುಡಿಸುವ ಪುಟ್ಟ ಚರ್ಮವಾದ್ಯ) ಜೊತೆಗಿದ್ದರೆ ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾರೆ. ಆ ಸರದಿ ಬರಬರುತ್ತಾ ಚಿಕ್ಕದಾಗುತ್ತದೆ. ಕೊನೆಗೆ ಮುಗಿಸುವ ಸೂಚನೆ ಕೊಡುವ ಮೋರಾ, ಆಮೇಲೆ ಮುಕ್ತಾಯ ಎಂಬ ಕೊನೆಯ ನುಡಿಸಾಣಿಕೆಯನ್ನು ಮೂರು ಸಲ ನುಡಿಸುತ್ತೇವೆ. ಮೂರನೆಯದು ಪಲ್ಲವಿಯ ಎಡುಪಿಗೆ, ಅಂದರೆ ಪಲ್ಲವಿ ಶುರುವಾಗುವ ಜಾಗಕ್ಕೆ, ಸರಿಯಾಗಿ ಬಂದು ಕೂತಾಗ ನಿಮ್ಮ ಕೈಗೂ ಅದು ಗೊತ್ತಾಗುತ್ತದೆ.

ಬಿಡುವಿದ್ದ ದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೇನೆ. ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಹಕ್ಕಿ, ಯಾವ ದಿನ ಅಂತ ಬರೆಯುತ್ತೇನೆ. ಆ ಒಂದು ಗಂಟೆ ತಾಳ ಎಣಿಸುವುದಿಲ್ಲ.

ಪಿಟೀಲು, ಬೆಂಗಳೂರು

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಮಾತು ಸೇರಿಸುತ್ತೇನೆ. ನಮ್ಮನ್ನು ಪಕ್ಕವಾದ್ಯ ಅಂತಾರೆ ನಿಜ. ಆದರೆ ಬೆಂಗಳೂರಿನ ಪಿಟೀಲು ಆಕಾರದ ಸಭಾಂಗಣ ಯಾರ ಹೆಸರಲ್ಲಿದೆ ನೋಡಿ. ಚೌಡಯ್ಯನವರು ಬಾಳೆಲ್ಲ ದೊಡ್ಡ ದೊಡ್ಡ ಗಾಯಕರ ಪಕ್ಕದಲ್ಲಿ ಕೂತು ನುಡಿಸಿದವರು. ಸಭೆಯ ಕೊನೆಯವರೆಗೂ ಕೇಳಲಿ ಅಂತ ಏಳು ತಂತಿಯ ಪಿಟೀಲು ಮಾಡಿಕೊಂಡವರು. ಪಕ್ಕದವರನ್ನೂ ಕೇಳಲು ಬರುವ ಜನ ಆಗಲೂ ಇದ್ದರು, ಅಲ್ವಾ?

ಅಮ್ಮ, ಶಿವಮೊಗ್ಗ

ಮೇಡಂ, ನನ್ನ ಮಗಳಿಗೆ 8 ವರ್ಷ. ಮೃದಂಗವೇ ಬೇಕು ಅಂತ ಹಟ ಹಿಡಿದಿದ್ದಾಳೆ. ಮನೆಯಲ್ಲಿ ಹಿರಿಯರು ವೀಣೆ ಕಲಿಸು, ಹುಡುಗಿಗೆ ಇದೆಲ್ಲ ಯಾಕೆ ಅಂತಾರೆ. ಬೆರಳು ಒರಟಾಗುತ್ತದಂತೆ. ಏನು ಮಾಡಲಿ?

ಮೃದಂಗದವಳು, ಮೈಸೂರು

ಕಲಿಸಿ ಅಮ್ಮ. ನನಗೂ ಇದೇ ಮಾತು ಹೇಳಿದ್ದರು. ಒಬ್ಬ ಹಾಡುಗಾರರಂತೂ ಹೆಂಗಸರ ಮೃದಂಗ ಬೇಡ ಅಂತ ಕೊನೇ ಗಳಿಗೆಯಲ್ಲಿ ನನ್ನನ್ನು ಬಿಡಿಸಿದ್ದರು. ಆವತ್ತು ಮನೆಗೆ ಬಂದು ತುಂಬಾ ಅತ್ತಿದ್ದೆ. ಆದರೆ ಬೆಂಗಳೂರಿನಲ್ಲಿ ಸುಕನ್ಯಾ ರಾಮಗೋಪಾಲ್ ಅವರು ಘಟ ನುಡಿಸುವುದನ್ನು ಕೇಳಿದ್ದೆ. ಬಿಡಬಾರದು ಅಂತ ಅವರನ್ನು ನೋಡಿ ಗಟ್ಟಿಯಾಯಿತು.

ಬೆರಳು ಸ್ವಲ್ಪ ಗಟ್ಟಿಯಾಗುತ್ತದೆ, ವೀಣೆಯಲ್ಲೂ ಆಗುತ್ತದೆ. ಮೃದಂಗ ಈಗಲೇ ಕೊಳ್ಳಬೇಡಿ. ಮೊದಲು ಗುರುಗಳ ಮನೆಯದ್ದರಲ್ಲೇ ನುಡಿಸಲಿ. ಮನೆಯಲ್ಲಿ ತಾಳ ಹಾಕಿ ಬಾಯಲ್ಲಿ ಹೇಳಿಸಿ: ತ ಧಿ ತೊಂ ನಂ. ಮೊದಲ ಪಾಠ ಅದೇ. ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ (ಕಾಲ ಅಂದರೆ ವೇಗ, ಒಂದಕ್ಕಿಂತ ಒಂದು ಇಮ್ಮಡಿ). ನೀವೂ ಜೊತೆಗೆ ಕೂತು ಹೇಳಿ, ಅವಳಿಗೆ ಖುಷಿಯಾಗುತ್ತದೆ.